ಧರ್ಮರಾಯನ ಹಿಂದೆ ಹೊರಟವರು

ನಮ್ಮ ಅಪಾರ್ಟ್‌ಮೆಂಟಿಗೆ ಹದಿನಾಲ್ಕು ಮಹಡಿ. ಪ್ರತಿ ವರ್ಷ ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ಲಿಫ್ಟಿನ ಪಕ್ಕದ ಮೆಟ್ಟಿಲುಗಳ ಮೇಲೆ ಬೆಳಗಿನ ಐದೂವರೆಗೇ ದಬದಬ ಸದ್ದು ಶುರುವಾಗುತ್ತದೆ. ಬೆನ್ನಿಗೆ ಬ್ಯಾಗು, ಬ್ಯಾಗಿನೊಳಗೆ ತೂಕಕ್ಕೆಂದು ತುಂಬಿದ ನೀರಿನ ಬಾಟಲಿಗಳು, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಏದುಸಿರು ಬಿಡುತ್ತ ನಿಂತವರನ್ನು ಏನು ಸಮಾಚಾರ ಎಂದು ಕೇಳಿದರೆ ಉತ್ತರ ಒಂದೇ: "ಹಿಮಾಲಯಕ್ಕೆ ಹೊರಟಿದ್ದೀವಿ ಸರ್, ತಯಾರಿ."

ಈ ತಯಾರಿಯ ಮೇಲೆ ನನಗೊಂದು ಜಗಳವಿದೆ. ಮೆಟ್ಟಿಲು ಹತ್ತುವುದು ಕಾಲಿಗೂ ಒಳ್ಳೆಯದು, ಹೊಟ್ಟೆಗೂ ಒಳ್ಳೆಯದು, ಅದರ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಬೇರೆ. ಎತ್ತರದ ಬೆಟ್ಟವೊಂದನ್ನು ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯಲು ಹೊರಡುವ ನಾವು ಎರಡು ತಿಂಗಳು ಮೊದಲೇ ಶೂ ಕೊಳ್ಳುತ್ತೇವೆ, ಜಾಕೆಟ್ಟಿನ ಬಗ್ಗೆ ಚರ್ಚೆ ಮಾಡುತ್ತೇವೆ, ಓಡುತ್ತೇವೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತೇವೆ. ಅರ್ಧ ದಾರಿಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಏನು ಮಾಡಬೇಕು, ಯಾರು ಹೇಳಿದರೆ ವಾಪಸಾಗಬೇಕು, ಎಷ್ಟು ಗಂಟೆಯಾದ ಮೇಲೆ ತುದಿ ಕಣ್ಣೆದುರಿಗಿದ್ದರೂ ಬೆನ್ನು ತಿರುಗಿಸಬೇಕು ಎಂಬ ಮಾತನ್ನು ಮಾತ್ರ ಒಮ್ಮೆಯೂ ಆಡುವುದಿಲ್ಲ. ಆಡಿದವನು ಅಪಶಕುನ ನುಡಿದಂತೆ. ಹತ್ತುವ ತಯಾರಿ ನೂರಕ್ಕೆ ನೂರು, ಇಳಿಯುವ ತಯಾರಿ ಸೊನ್ನೆ. ಇದರಿಂದ ಜನ ಸಾಯುತ್ತಾರೆ. ಸಾಯದೇ ಉಳಿದವರು ಬಂದು ಫೋಟೋ ಹಾಕುತ್ತಾರೆ, ಆ ಫೋಟೋ ನೋಡಿ ಮುಂದಿನ ವರ್ಷ ಇನ್ನಷ್ಟು ಜನ ಮೆಟ್ಟಿಲು ಹತ್ತುತ್ತಾರೆ.

ಇದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದಿನ ಒಂದು ಅಕ್ಟೋಬರಿನಲ್ಲಿ ನಾವು ಆರು ಜನ ಉತ್ತರಾಖಂಡದ ತುಂಗನಾಥ, ಚಂದ್ರಶಿಲೆಗೆ ಹೊರಟೆವು. ಒಂದು ದಿನದ ಚಾರಣಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಎಲ್ಲರೂ ಹೇಳುತ್ತಾರೆ. ಚೋಪ್ತಾದಿಂದ ತುಂಗನಾಥದ ಗುಡಿಯವರೆಗೆ ಕಲ್ಲು ಹಾಸಿದ ದಾರಿ, ಅಲ್ಲಿಂದ ಮೇಲೆ ಇನ್ನೊಂದು ಒಂದೂವರೆ ಕಿಲೋಮೀಟರ್ ಕಡಿದಾದ ಏರು. ಹೋಗಿ ಬರಲು ಹತ್ತು ಕಿಲೋಮೀಟರಿನ ಆಸುಪಾಸು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಗುಂಪು ಅಷ್ಟು ಓಡಿ, ಆಮೇಲೆ ದೋಸೆ ತಿಂದು, ಮನೆಗೆ ಬಂದು ಮಲಗುತ್ತಿತ್ತು. ಆದ್ದರಿಂದ ಧೈರ್ಯ. ಒಂದು ಬೆಳಿಗ್ಗೆ ಬೆಂಗಳೂರು ಬಿಟ್ಟೆವು, ರಾತ್ರಿ ಹರಿದ್ವಾರ, ಮರುದಿನ ಇಡೀ ಕಾರಿನಲ್ಲಿ ಕೂತು ಸಂಜೆಗೆ ಚೋಪ್ತಾ, ಅದರ ಮರುದಿನ ಬೆಳಗಿನ ಜಾವ ಮೂರೂವರೆಗೆ ತಲೆಗೆ ಟಾರ್ಚು ಕಟ್ಟಿಕೊಂಡು ಬೆಟ್ಟಕ್ಕೆ. ಹರಿದ್ವಾರ ಸಮುದ್ರಮಟ್ಟದಿಂದ ಮುನ್ನೂರು ಮೀಟರಿಗೆ ತುಸು ಮೇಲೆ ಇದೆ. ಚಂದ್ರಶಿಲೆ 3,500 ಮೀಟರನ್ನು ದಾಟಿದ ಎತ್ತರ. ನಡುವೆ ನಾವು ಕೊಟ್ಟದ್ದು ಒಂದೂವರೆ ದಿನಕ್ಕೂ ಕಡಿಮೆ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗ ಒಬ್ಬನಿದ್ದ. ಮ್ಯಾರಥಾನ್ ಓಡುವವನು. ಚೋಪ್ತಾದ ರಾತ್ರಿ ಅವನು ಊಟ ಬಿಟ್ಟ. ತಲೆನೋವು ಅಂದ. "ದಾರಿಯುದ್ದಕ್ಕೂ ಆಲೂ ಪರಾಠ ತಿಂದ್ಯಲ್ಲ, ಗ್ಯಾಸ್ಟ್ರಿಕ್ ಕಣೋ" ಅಂತ ನಾವು ತೀರ್ಪು ಕೊಟ್ಟೆವು. ಕನ್ನಡಿಗರಿಗೆ ಗ್ಯಾಸ್ಟ್ರಿಕ್ ಎಂಬುದು ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈ. ಎದೆ ನೋವಾದರೂ ಅದೇ, ಹಿಮಾಲಯದಲ್ಲಿ ತಲೆ ಸಿಡಿದರೂ ಅದೇ. ಅವನು ಒಂದು ಪೊಟ್ಟಣ ಈನೋ ಕುಡಿದು ಮಲಗಿದ. ನಮ್ಮ ಜೊತೆ ಬರಬೇಕಿದ್ದ ಸ್ಥಳೀಯ ಗೈಡು ಅವನ ಮುಖ ನೋಡಿ, "ಕಲ್ ಇನ್ಕೋ ಮತ್ ಲೇ ಜಾಯಿಯೇ" ಎಂದಿದ್ದ. ನಾವು ನಕ್ಕೆವು. ಇಷ್ಟು ಓಡುವವನನ್ನು ಬಿಟ್ಟು ಹೋಗುವುದೆಂದರೇನು?

ತುಂಗನಾಥ ದಾಟಿದ ಮೇಲೆ ಅವನು ಹತ್ತು ಹೆಜ್ಜೆಗೊಮ್ಮೆ ಕೂರತೊಡಗಿದ. ಎರಡು ಸಲ ವಾಂತಿಯಾಯಿತು. ಸೂರ್ಯೋದಯಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಗುಂಪಿನಲ್ಲಿ ವಯಸ್ಸಿನಲ್ಲಿ ಹಿರಿಯ ನಾನು. ನಾನೇ ಅವನ ತೋಳು ಹಿಡಿದು, "ಇನ್ನೇನು ಬಂದುಬಿಡ್ತು, ಇಷ್ಟು ದೂರ ಬಂದು ಸುಮ್ಮನಾಗ್ತೀಯಾ" ಅಂದೆ. ಅವನು ಎದ್ದ. ಬಂದ. ಸೂರ್ಯ ಹುಟ್ಟಿದ್ದನ್ನು ನೋಡಿದನೋ ಇಲ್ಲವೋ ಕಾಣೆ. ಫೋಟೋದಲ್ಲಿ ಅವನ ಕಣ್ಣು ಎಲ್ಲೋ ಇದೆ. ಇಳಿಯುವಾಗ ಕುಡಿದವನ ಹಾಗೆ ಹೆಜ್ಜೆ ಹಾಕುತ್ತಿದ್ದ. ಕಲ್ಲು ಹಾಸಿದ ಅಗಲವಾದ ದಾರಿಯಲ್ಲಿ ಅಂಚಿನ ಕಡೆಗೇ ವಾಲುತ್ತಿದ್ದ. ಆಗ ಗೈಡು ನಮ್ಮನ್ನು ಕೇಳಲೇ ಇಲ್ಲ. ತನ್ನ ಚೀಲವನ್ನು ನನ್ನ ಕೈಗೆ ತುರುಕಿ, ಅವನ ಸೊಂಟಕ್ಕೆ ಕೈ ಹಾಕಿ, ಎಲ್ಲೂ ನಿಲ್ಲದೆ ಚೋಪ್ತಾಕ್ಕೆ ಇಳಿಸಿ, ಅಲ್ಲೂ ನಿಲ್ಲಿಸಗೊಡದೆ ಕಾರಿಗೆ ಹತ್ತಿಸಿ ಊಖೀಮಠದವರೆಗೆ ಕರೆದುಕೊಂಡು ಬಂದ. ಊಖೀಮಠ 1,300 ಮೀಟರಿನ ಊರು. ಸಂಜೆ ಐದಕ್ಕೆ ನಮ್ಮ ಓಟಗಾರ ಎದ್ದು ಕೂತು ಅನ್ನ, ಬೇಳೆಸಾರು ಕೇಳಿದ. ನಾವು "ನೋಡಿದ್ಯಾ, ಗ್ಯಾಸ್ಟ್ರಿಕ್ಕೇ" ಎಂದು ನಕ್ಕೆವು. ವೈದ್ಯರ ಬಳಿ ಹೋಗಬೇಕೆಂಬುದೂ ಹೊಳೆಯಲಿಲ್ಲ.

ನಡೆಯುವಾಗ ತೂರಾಡುವುದು ಮಿದುಳಿನಲ್ಲಿ ನೀರು ತುಂಬಿ ಊತ ಬರುತ್ತಿರುವುದರ ಗುರುತು, ಆ ಹೊತ್ತಿನಲ್ಲಿ ಕೆಳಗಿಳಿಯದಿದ್ದರೆ ಒಂದು ದಿನದೊಳಗೆ ಪ್ರಾಣ ಹೋಗಬಹುದು ಎಂದು ನಾನು ಓದಿ ತಿಳಿದದ್ದು ಬೆಂಗಳೂರಿಗೆ ಬಂದ ಎರಡು ತಿಂಗಳ ಮೇಲೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಈಗಲೂ "ಇನ್ನೇನು ಬಂದುಬಿಡ್ತು" ಎಂಬ ಮಾತು ಯಾರ ಬಾಯಲ್ಲಿ ಕೇಳಿದರೂ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ.

ನಮಗೆ ಗೊತ್ತಿರಲಿಲ್ಲ ಎಂಬುದು ನಿಜ. ಯಾಕೆ ಗೊತ್ತಿರಲಿಲ್ಲ ಎಂಬುದು ಮುಖ್ಯ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಮಾರಪರ್ವತ 1,712, ತಡಿಯಂಡಮೋಳ್ 1,748. ವೈದ್ಯರು ಎತ್ತರದ ಕಾಯಿಲೆಯ ಗಡಿ ಎಂದು ಹೇಳುವುದು ಸುಮಾರು 2,500 ಮೀಟರ್. ಅಷ್ಟು ಎತ್ತರಕ್ಕೆ ಹೋಗಬೇಕಾದರೆ ನಾವು ರಾಜ್ಯವನ್ನೇ ದಾಟಬೇಕು. ದಕ್ಷಿಣ ಭಾರತದ ನೆತ್ತಿಯಾದ ಆನೆಮುಡಿ ಕೂಡ 2,695ಕ್ಕೆ ನಿಲ್ಲುತ್ತದೆ. ನಮ್ಮ ಬೆಟ್ಟಗಳು ಏರಿನಿಂದ, ಮಳೆಯಿಂದ, ಜಿಗಣೆಯಿಂದ, ಬಾಯಾರಿಕೆಯಿಂದ ಮನುಷ್ಯನನ್ನು ಹಣ್ಣು ಮಾಡುತ್ತವೆ, ಗಾಳಿಯಿಂದ ಮಾಡುವುದಿಲ್ಲ. ಕುವೆಂಪು ಅವರ ಮಲೆನಾಡಿನ ಚಿತ್ರಗಳನ್ನು ಓದಿ ಗುಡ್ಡ ಹತ್ತಲು ಕಲಿತವರು ನಾವು. ಸುಸ್ತು, ದಣಿವು, ಏದುಸಿರು, ಆಯಾಸ ಇಷ್ಟೆಲ್ಲ ಪದಗಳು ನಮ್ಮಲ್ಲಿವೆ, ಎಲ್ಲವೂ ಮೈಯ ಪದಗಳು. ಕೂತು ಸುಧಾರಿಸಿಕೊಂಡರೆ ಹೋಗುವಂಥವು. ಎತ್ತರ ತಾಗುವುದಕ್ಕೆ ನೇಪಾಳಿಯಲ್ಲಿ 'ಲೇಕ್ ಲಾಗ್ನು' ಎಂಬ ದಿನಬಳಕೆಯ ಮಾತೇ ಇದೆ. ಹಿಮಾಲಯದ ಹಳ್ಳಿಗರು ಎತ್ತರದ ಕಣಿವೆಗಳಲ್ಲಿ ವಿಷದ ಗಾಳಿ ಬೀಸುತ್ತದೆಂದು ನಂಬಿದ್ದರೆಂದು ಎರಡು ಶತಮಾನದ ಹಿಂದಿನ ಪ್ರವಾಸಿಗರು ಬರೆದಿಟ್ಟಿದ್ದಾರೆ. ಕಾರಣ ತಪ್ಪಿರಬಹುದು, ಭಯ ಸರಿಯಾಗಿತ್ತು. ಆ ಪದವೇ ಇಲ್ಲದ ನಮಗೆ ಭಯವೂ ಇಲ್ಲ. ಗ್ಯಾಸ್ಟ್ರಿಕ್ ಇದೆ.

ಮೇಲೆ ಹೋದಂತೆ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆ ಶೇಕಡ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. 4,000 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವುದು ಸಮುದ್ರದಂಡೆಯಲ್ಲಿ ಸಿಗುವುದರ ಶೇಕಡ 60ಕ್ಕೆ ತುಸು ಮೇಲೆ. ಮೈ ಸುಮ್ಮನಿರುವುದಿಲ್ಲ, ಉಸಿರನ್ನು ಜೋರು ಮಾಡುತ್ತದೆ. ಜೋರು ಉಸಿರಿಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಕಂಡ ಮಿದುಳು ಉಸಿರಿಗೆ ಕಡಿವಾಣ ಹಾಕುತ್ತದೆ, ಅದರಲ್ಲೂ ನಿದ್ದೆಯಲ್ಲಿ. ಈ ಜಗ್ಗಾಟವನ್ನು ಬಗೆಹರಿಸುವ ಪಂಚಾಯ್ತಿ ನಡೆಯುವುದು ಮೂತ್ರಪಿಂಡದಲ್ಲಿ. ಹೆಚ್ಚಾದ ಕ್ಷಾರವನ್ನು ಅದು ಮೂತ್ರದಲ್ಲಿ ಹೊರಹಾಕಿದ ಮೇಲೆಯೇ ಉಸಿರು ನಿರಾಳವಾಗುವುದು. ಅದಕ್ಕೆ ದಿನಗಳು ಬೇಕು. ಡಯಮಾಕ್ಸ್ ಮಾತ್ರೆ ಮಾಡುವುದೂ ಇದೇ ಕೆಲಸವನ್ನು, ಸ್ವಲ್ಪ ಬೇಗ ಮಾಡಿಸುತ್ತದೆ ಅಷ್ಟೆ. ಅದನ್ನು ಪಕ್ಕದವನು ಕೊಟ್ಟನೆಂದು ಚಾಕೊಲೇಟಿನಂತೆ ಬಾಯಿಗೆ ಹಾಕಿಕೊಳ್ಳುವುದಲ್ಲ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು.

ಇದರಲ್ಲಿ ನಿಮ್ಮ ತೊಡೆಯ ಸ್ನಾಯು ಎಲ್ಲಿ ಬಂತು? ಹದಿನಾಲ್ಕು ಮಹಡಿ ಎಲ್ಲಿ ಬಂತು? ಮೂತ್ರಪಿಂಡಕ್ಕೆ ಯಾವ ಜಿಮ್ಮಿನಲ್ಲಿ ತರಬೇತಿ ಕೊಡುತ್ತೀರಿ?

ಈ ಪಾಠವನ್ನು ನಮ್ಮ ದೇಶ ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರವಸರವಾಗಿ ಹಿಮಾಲಯದ ಎತ್ತರಕ್ಕೆ ಒಯ್ಯಬೇಕಾಯಿತು. ಎಲ್ಲರೂ ಯುವಕರು, ಕಸರತ್ತು ಮಾಡಿದ ಮೈ, ಓಟದಲ್ಲಿ ನಮ್ಮ ಕಬ್ಬನ್ ಪಾರ್ಕ್ ತಂಡವನ್ನು ಎಡಗಾಲಲ್ಲಿ ಸೋಲಿಸುವವರು. ಸಾಲುಸಾಲಾಗಿ ಮಲಗಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಇಂಥ 1,925 ಸೈನಿಕರ ಕಾಯಿಲೆಯನ್ನು ಗಮನಿಸಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಲೇಖನವನ್ನು ಜಗತ್ತಿನ ಪರ್ವತವೈದ್ಯರು ಇವತ್ತಿಗೂ ನೆನೆಯುತ್ತಾರೆ. ಇಂದು ಸೇನೆಯ ಕ್ರಮ ಹೇಗಿದೆ ನೋಡಿ. 9,000 ಅಡಿಯಿಂದ 12,000 ಅಡಿಯ ನಡುವಿನ ಎತ್ತರಕ್ಕೆ ಬಂದ ಜವಾನನಿಗೆ ಆರು ದಿನ. ಮೊದಲ ಎರಡು ದಿನ ವಿಶ್ರಾಂತಿ. ಮೂರನೆಯ, ನಾಲ್ಕನೆಯ ದಿನ ನಿಧಾನವಾಗಿ ಒಂದೂವರೆಯಿಂದ ಮೂರು ಕಿಲೋಮೀಟರ್ ನಡಿಗೆ. ಐದು, ಆರನೆಯ ದಿನ ಐದು ಕಿಲೋಮೀಟರಿನವರೆಗೆ, ಮುನ್ನೂರು ಮೀಟರಿನವರೆಗಿನ ಏರು. ಅದಕ್ಕೂ ಮೇಲಕ್ಕೆ ಕಳಿಸಬೇಕಾದರೆ ಮತ್ತೆ ನಾಲ್ಕು ದಿನ. ಚಂದ್ರಶಿಲೆಯ ಎತ್ತರ ಹೆಚ್ಚುಕಡಿಮೆ ಈ ಮೊದಲ ಹಂತದ ಗಡಿಯಲ್ಲಿದೆ. ಸೈನಿಕನಿಗೆ ಆರು ದಿನ ಬೇಕಾದ ಕಡೆ ಸಾಫ್ಟ್‌ವೇರ್ ಎಂಜಿನಿಯರನಿಗೆ ಒಂದು ರಾತ್ರಿ ಸಾಕು ಅಂತ ಯಾರು ಹೇಳಿದರು?

ಹೇಳಿದ್ದು ರಜೆ. ಇದೇ ವಿಷಯದ ಬೇರು, ಇದನ್ನು ಯಾರೂ ಆಡುವುದಿಲ್ಲ. ಶುಕ್ರವಾರ ರಾತ್ರಿ ಹೊರಟು ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂರಬೇಕಾದವನಿಗೆ ಬೇಕಾಗಿರುವುದು ಮೂರೂವರೆ ದಿನದಲ್ಲಿ ಮುಗಿಯುವ ಹಿಮಾಲಯ. ಮಾರುವವನು ಅದನ್ನೇ ಮಾರುತ್ತಾನೆ. ವಿಶ್ರಾಂತಿಯ ದಿನವೊಂದನ್ನು ಸೇರಿಸಿದರೆ ಪ್ಯಾಕೇಜಿನ ಬೆಲೆ ಏರುತ್ತದೆ, ಪಕ್ಕದ ಅಂಗಡಿಯವನು ಒಂದು ದಿನ ಕಡಿಮೆ ಮಾಡಿ ಗಿರಾಕಿಯನ್ನು ಸೆಳೆಯುತ್ತಾನೆ. ನಾವೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, "ಇವರೇನು ಚೋಪ್ತಾದಲ್ಲಿ ಒಂದು ದಿನ ಸುಮ್ಮನೆ ಕೂರಿಸ್ತಾರೆ, ವೇಸ್ಟು" ಎಂದು ಚುರುಕಾದದ್ದನ್ನೇ ಆರಿಸುತ್ತೇವೆ. ಹಾಗೆ ಉಳಿಸಿದ ದಿನವನ್ನು ಮೈಯಿಂದ ವಸೂಲಿ ಮಾಡಲು ಮೆಟ್ಟಿಲು ಹತ್ತುತ್ತೇವೆ. ಕಾಲ ಕೊಡಲಾಗದವನು ಬೆವರು ಕೊಡುತ್ತಾನೆ, ಬೆಟ್ಟ ಆ ನಾಣ್ಯವನ್ನು ತೆಗೆದುಕೊಳ್ಳುವುದಿಲ್ಲ.

ಕೋವಿಡ್ ಕಲಿಸಿದ ಆಕ್ಸಿಮೀಟರ್ ಇನ್ನೊಂದು ತಾಯಿತ. ಈಗ ಪ್ರತಿ ಗುಂಪಿನಲ್ಲೂ ಒಂದು ಇರುತ್ತದೆ. ಬೆರಳಿಗೆ ಸಿಕ್ಕಿಸಿ ಅಂಕೆ ಓದುವುದು ಒಂದು ಆಟ: ನಿಂದೆಷ್ಟು, ನಂದು 88. ಆ ಎತ್ತರದಲ್ಲಿ ಆರೋಗ್ಯವಂತನಿಗೂ 90ಕ್ಕಿಂತ ಕಡಿಮೆ ಬರುವುದು ಸಹಜ, ಅಂಕೆ ಚೆನ್ನಾಗಿದ್ದವನಿಗೂ ತಲೆನೋವು ಬರಬಹುದು. ಊಟ ಸೇರಿತಾ, ತಲೆ ನೋಯುತ್ತಿದೆಯಾ, ಗೆರೆ ಎಳೆದರೆ ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಯುತ್ತೀಯಾ ಎಂದು ಕೇಳುವುದಕ್ಕೆ ಯಂತ್ರ ಬೇಡ. ಕೇಳುವವನು ಬೇಕು, ನಿಜ ಹೇಳುವವನು ಬೇಕು. ಅಲ್ಲೇ ನಾವು ಸೋಲುವುದು. ನಮ್ಮ ಓಟಗಾರ ಆ ರಾತ್ರಿ ತನ್ನ ತಲೆನೋವನ್ನು ಅರ್ಧ ಮಾತ್ರ ಹೇಳಿದ್ದ. ಆಮೇಲೆ ಒಂದು ದಿನ ಕೇಳಿದೆ, ಯಾಕೋ ಅಂತ. "ಎಲ್ಲರಿಗಿಂತ ಜಾಸ್ತಿ ಪ್ರಾಕ್ಟೀಸ್ ಮಾಡಿದ್ದೋನು ನಾನು. ನಾನೇ ಕೂತ್ಕೊಂಡ್ರೆ ಮರ್ಯಾದೆ ಏನಾಗುತ್ತೆ?" ಅಂದ.

ಮರ್ಯಾದೆಯ ಈ ಲೆಕ್ಕ ನಮಗೆ ಎಲ್ಲಿಂದ ಬಂತೆಂದು ಯೋಚಿಸುವಾಗ ನನಗೆ ಮಹಾಭಾರತ ನೆನಪಾಗುತ್ತದೆ. ನಮ್ಮ ಸಾಹಿತ್ಯದ ಅತ್ಯಂತ ಪ್ರಸಿದ್ಧ ಹಿಮಾಲಯದ ನಡಿಗೆ ಪಾಂಡವರ ಮಹಾಪ್ರಸ್ಥಾನ. (ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಅವನ ಕೈಯಲ್ಲಿ ಈ ಭಾಗ ನಮಗೆ ದಕ್ಕಲಿಲ್ಲ, ಅವನಾದರೆ ಭೀಮನಿಗೆ ಒಂದೆರಡು ಎದುರುಮಾತು ಕೊಡುತ್ತಿದ್ದನೇನೋ.) ಮೊದಲು ದ್ರೌಪದಿ ಬೀಳುತ್ತಾಳೆ. ಭೀಮ ಕೇಳುತ್ತಾನೆ, ಅಣ್ಣಾ ಇವಳೇಕೆ ಬಿದ್ದಳು? ಧರ್ಮರಾಯ ತಿರುಗಿಯೂ ನೋಡದೆ ಹೇಳುತ್ತಾನೆ, ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು. ಸಹದೇವ ಬೀಳುತ್ತಾನೆ, ಅವನಿಗೆ ಜಾಣತನದ ಗರ್ವ. ನಕುಲನಿಗೆ ರೂಪದ ಗರ್ವ. ಅರ್ಜುನನಿಗೆ ಬಿಲ್ಲಿನ ಬಡಾಯಿ. ಕೊನೆಗೆ ಭೀಮನೇ ಬಿದ್ದು ನಾನೇಕೆ ಬಿದ್ದೆ ಎಂದು ಕೇಳಿದರೆ, ನೀನು ಹೆಚ್ಚು ತಿನ್ನುತ್ತಿದ್ದೆ, ನಿನ್ನ ಬಲವನ್ನು ನೀನೇ ಹೊಗಳಿಕೊಳ್ಳುತ್ತಿದ್ದೆ. ಯಾರೂ ಯಾರಿಗಾಗಿಯೂ ನಿಲ್ಲಲಿಲ್ಲ. ಬಿದ್ದವರಿಗೆಲ್ಲ ಒಂದೊಂದು ತಪ್ಪು ಇತ್ತು.

ಅದು ದೇಹ ಬಿಡಲೆಂದೇ ಹೊರಟವರ ಕತೆ, ಅದರ ಅರ್ಥ ಬೇರೆ, ಅದನ್ನು ಚಾರಣದ ಕೈಪಿಡಿಯಂತೆ ಓದಬಾರದೆಂದು ನೀವು ಹೇಳಬಹುದು. ಒಪ್ಪಿದೆ. ಓದಬಾರದು. ಆದರೆ ನಾವು ನಡೆದುಕೊಳ್ಳುವುದು ಥೇಟ್ ಹಾಗೆಯೇ. ಹಿಮಾಲಯದಲ್ಲಿ ಯಾರಿಗಾದರೂ ಏನಾದರೂ ಆಯಿತೆಂಬ ಸುದ್ದಿ ಬಂದ ಕೂಡಲೇ ನಮ್ಮ ನಾಲಿಗೆಯ ಮೇಲೆ ಧರ್ಮರಾಯ ಬಂದು ಕೂರುತ್ತಾನೆ. ಅವನು ಸಿಗರೇಟು ಸೇದುತ್ತಿದ್ದನಂತೆ. ಅವಳಿಗೆ ವಯಸ್ಸಾಗಿತ್ತಂತೆ. ಪ್ರಾಕ್ಟೀಸೇ ಮಾಡಿರಲಿಲ್ಲವಂತೆ. ಕಾಯಿಲೆಯನ್ನು ನಡತೆಯ ದೋಷವೆಂದು ಬಗೆಯುವ ಗುಂಪಿನಲ್ಲಿ ಯಾವನು ತಾನೆ ಕೈ ಎತ್ತಿ ನನಗೆ ಆಗುತ್ತಿಲ್ಲ ಎಂದಾನು? ಎತ್ತರದ ಕಾಯಿಲೆ ಯಾರನ್ನು ಹಿಡಿಯುತ್ತದೆಂದು ಮೈಕಟ್ಟು ನೋಡಿ ಹೇಳಲು ಬರುವುದಿಲ್ಲ. ಗಟ್ಟಿಗನಿಗೆ ಒಂದು ಅಪಾಯ ಹೆಚ್ಚೇ ಇದೆ: ಅವನು ಬೇಗ ಹತ್ತಬಲ್ಲ, ಆದ್ದರಿಂದ ಬೇಗ ಹತ್ತುತ್ತಾನೆ. ಏದುಸಿರು ಬಿಡುತ್ತ ಹಿಂದೆ ಉಳಿಯುವ ದಡೂತಿ ಮನುಷ್ಯನಿಗೆ ಕೆಲವೊಮ್ಮೆ ಅವನ ಸೋಮಾರಿತನವೇ ವೈದ್ಯ.

ಒಂದು ದಿನದ ಚಾರಣ ತಾನೆ, ಮೇಲೆ ಮಲಗುವುದಿಲ್ಲವಲ್ಲ, ಹೋಗಿ ಬಂದುಬಿಡುತ್ತೇವಲ್ಲ ಎಂಬ ವಾದವೊಂದಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಎತ್ತರದ ತಲೆನೋವು ಸಾಮಾನ್ಯವಾಗಿ ಮೇಲೆ ತಲುಪಿದ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಇಳಿದವನು ಬಚಾವು. ಮೇಲೆ ಹತ್ತಿ ಕೆಳಗೆ ಮಲಗುವುದು ಪರ್ವತಾರೋಹಿಗಳ ಹಳೆಯ ಪದ್ಧತಿಯೂ ಹೌದು. ಆದರೆ ಆ ಕೆಳಗಿನ ಮಲಗುವ ಜಾಗವೇ 2,700 ಮೀಟರಿನಲ್ಲಿದ್ದು, ಅಲ್ಲಿಗೆ ನೀವು ನಿನ್ನೆ ಸಂಜೆ ಕಾರಿನಲ್ಲಿ ಬಂದಿದ್ದರೆ? ಅಲ್ಲೇ ತಲೆನೋವು ಶುರುವಾಗಿದ್ದರೆ? ನಮಗಾದದ್ದು ಅದೇ. ಹೀಗೆ ಹೋಗಿ ಬಂದು ಏನೂ ಆಗದವರು ನೂರಾರು ಜನ ಇದ್ದಾರೆ, ಅವರೇ ನಮ್ಮ ಗುರುಗಳಾಗುತ್ತಾರೆ. ಬೀಸೋ ದೊಣ್ಣೆ ತಪ್ಪಿದ ಪ್ರತಿಯೊಬ್ಬನೂ ತಾನು ದೊಣ್ಣೆವರಸೆ ಬಲ್ಲೆ ಅಂದುಕೊಳ್ಳುತ್ತಾನೆ.

ಒಂದು ದಿನದ ಚಾರಣದ ದೊಡ್ಡ ಅಪಾಯ ಇರುವುದು ಹೊತ್ತಿನಲ್ಲಿ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶಕ್ಕೆ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ಹಿಮಾಲಯದ ದಿನಚರಿ. ಅದಕ್ಕೇ ಕತ್ತಲಲ್ಲಿ ಹೊರಡುವುದು. ಆದರೆ ನಮ್ಮವರನ್ನು ಕೇಳಿ ನೋಡಿ, ಮೂರಕ್ಕೆ ಏಳುವುದು ಯಾಕೆ ಎಂದು. ಸೂರ್ಯೋದಯಕ್ಕೆ ಎನ್ನುತ್ತಾರೆ. ಮಧ್ಯಾಹ್ನದೊಳಗೆ ಕೆಳಗಿರುವುದಕ್ಕೆ ಎನ್ನುವವರು ವಿರಳ.

2024ರ ಜೂನ್ 3ರಂದು ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ 22 ಜನರ ತಂಡ ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಚಾರಣಿಗರಲ್ಲಿ ಹೆಚ್ಚಿನವರು ಕರ್ನಾಟಕದವರು. 4,000 ಮೀಟರನ್ನು ಮೀರಿದ ಬಯಲು, ಮರೆಗೆ ಒಂದು ಮರವಿಲ್ಲ, ಶಿಬಿರ ದೂರ. 9 ಜನ ತೀರಿಕೊಂಡರು. ಉಳಿದವರನ್ನು ರಕ್ಷಣಾ ತಂಡಗಳು, ವಾಯುಪಡೆಯ ಹೆಲಿಕಾಪ್ಟರುಗಳು ಕರೆತಂದವು, ನಮ್ಮ ಸರ್ಕಾರದ ಮಂತ್ರಿಗಳು ಡೆಹ್ರಾಡೂನಿಗೆ ಹೋಗಿ ನಿಂತರು. ಆ ದಿನ ಆ ಗಾಳಿಯಲ್ಲಿದ್ದವರು ಮಾಡಿದ್ದು ಸರಿಯೋ ತಪ್ಪೋ ಎಂದು ಇಲ್ಲಿ ಫ್ಯಾನಿನಡಿ ಕೂತು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ತುಂಗನಾಥದ ಮೇಲೆ ನಾನು ಮಾಡಿದ್ದನ್ನು ಆಗಲೇ ಹೇಳಿದ್ದೇನೆ. ನನ್ನ ಸಿಟ್ಟು ಇಲ್ಲಿ, ಬೆಂಗಳೂರಿನಲ್ಲಿ, ಅದಾದ ವಾರದಲ್ಲಿ ಕೇಳಿದ ಮಾತುಗಳ ಮೇಲೆ. ಆ ವಯಸ್ಸಿನಲ್ಲಿ ಯಾಕೆ ಹೋಗಬೇಕಿತ್ತು ಅಂದರು. ವಿಧಿ ಅಂದರು. ಹಿಮಾಲಯದ ಮುನಿಸು ಅಂದರು. ನಮ್ಮ ಓಟದ ಗುಂಪಿನಲ್ಲಿ ಒಬ್ಬರು, ಅದಕ್ಕೇ ನಾನು ಹೇಳೋದು ಫಿಟ್‌ನೆಸ್ ಮುಖ್ಯ ಅಂತ, ಎಂದು ಬರೆದು ಕೆಳಗೆ ತಮ್ಮ ಅಂದಿನ ಓಟದ ವೇಗವನ್ನೂ ಹಾಕಿದ್ದರು. ಹಿಮಗಾಳಿಗೂ ಅವರ ವೇಗಕ್ಕೂ ಏನು ಸಂಬಂಧವೋ ಇವತ್ತಿಗೂ ನನಗೆ ತಿಳಿದಿಲ್ಲ. ಮರುವಾರ ಅದೇ ಗುಂಪಿನಲ್ಲಿ ಸೆಪ್ಟೆಂಬರಿನ ಚಾರಣಕ್ಕೆ ಹೆಸರು ಬರೆಸುವ ಪಟ್ಟಿ ಬಂತು. ಹೋಗಬಾರದೆಂದು ನಾನು ಹೇಳುವುದಿಲ್ಲ. ನನ್ನ ಹೆಸರೂ ಅದರಲ್ಲಿತ್ತು. ಒಂಬತ್ತು ಜನ ಸತ್ತ ಮೇಲೂ ಆ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಾಗಿರಲಿಲ್ಲ ಎಂಬುದಷ್ಟೇ ನನ್ನ ದೂರು. ಹೆಸರು, ಶೂ ಅಳತೆ, ಊಟ ಸಸ್ಯಾಹಾರವೋ ಮಾಂಸಾಹಾರವೋ.

ಗುರುದ್ವಾರ ಹೇಮಕುಂಡ ಸಾಹಿಬ್ ನೋಡಿ. 4,000 ಮೀಟರಿಗೂ ಮೇಲಿನ ಸರೋವರ, ಕೆಳಗಿನ ಘಾಂಘರಿಯಾದಿಂದ ಹೋಗಿ ಬರುವ ಯಾತ್ರಿಗಳಲ್ಲಿ ಮುದುಕರೂ ಮಕ್ಕಳೂ ಇರುತ್ತಾರೆ. ಮೇಲೆ ರಾತ್ರಿ ಉಳಿಯಲು ಯಾರಿಗೂ ಅವಕಾಶವಿಲ್ಲ. ಮಧ್ಯಾಹ್ನವಾಗುತ್ತಿದ್ದಂತೆ ಭಕ್ತರನ್ನು ಕೆಳಕ್ಕೆ ಹೊರಡಿಸುತ್ತಾರೆ. ಭಕ್ತಿ ಎಷ್ಟೇ ಇರಲಿ, ಎಷ್ಟೇ ದೂರದಿಂದ ಬಂದಿರಲಿ, ಹೊತ್ತಾಯಿತು ಅಂದರೆ ಆಯಿತು. ದೇವರ ಸನ್ನಿಧಿಯಲ್ಲೇ ಈ ಶಿಸ್ತು ಸಾಧ್ಯವಾದರೆ ಫೋಟೋಗಾಗಿ ಹೋಗುವ ನಮಗೆ ಯಾಕೆ ಕಷ್ಟವಾಗುತ್ತದೋ.

ಹಾಗಾದರೆ ಏನು ಮಾಡಬೇಕೆಂದು ಕೇಳುವವರಿಗೆ: ಮೊದಲು ಒಂದು ಶೂ ಕಡಿಮೆ ಕೊಂಡು ಎರಡು ದಿನ ರಜೆ ಹೆಚ್ಚು ಹಾಕಿ. ಆ ಎರಡು ದಿನ ಊಖೀಮಠದಲ್ಲೋ ಚೋಪ್ತಾದಲ್ಲೋ ಸುಮ್ಮನೆ ಇರಿ, ಅಡ್ಡಾಡಿ, ಪುಸ್ತಕ ಓದಿ, ಅಂಗಡಿಯವನ ಜೊತೆ ಹರಟಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎಂದು ಪರ್ವತವೈದ್ಯರು ಹೇಳುತ್ತಾರೆ, ಪ್ಯಾಕೇಜಿನ ಹಾಳೆಯನ್ನು ಆ ಲೆಕ್ಕ ಇಟ್ಟುಕೊಂಡು ಓದಿ. ಹೊರಡುವ ಹಿಂದಿನ ರಾತ್ರಿ ಎಲ್ಲರೂ ಕೂತು ಒಂದು ಗಂಟೆಯನ್ನು ನಿಗದಿ ಮಾಡಿ. ಹನ್ನೊಂದೋ, ಹನ್ನೆರಡೋ, ಗೈಡು ಹೇಳಿದ್ದು. ಆ ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ಇದನ್ನು ರಾತ್ರಿಯೇ ಮಾಡಬೇಕು, ಕೆಳಗೇ ಮಾಡಬೇಕು. ಮೇಲೆ ಹೋದ ಮೇಲೆ ತೀರ್ಮಾನಿಸುವ ಮಿದುಳಿಗೇ ಗಾಳಿ ಸಾಲದಿರುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರನ್ನು ಮುಂದೆ ಬಿಡಿ. ಅವರು ಸಾಕು ಅಂದರೆ ಸಾಕು, ಕಾರಣ ಕೇಳುವಂತಿಲ್ಲ, ಆಮೇಲೆ ಆಡಿಕೊಳ್ಳುವಂತಿಲ್ಲ. ಒಬ್ಬನನ್ನು ಒಂಟಿಯಾಗಿ ಕೆಳಕ್ಕೆ ಕಳಿಸಬಾರದು, ಒಬ್ಬನನ್ನು ದಾರಿಯಲ್ಲಿ ಕೂರಿಸಿ ಬರುವಾಗ ಕರೆದುಕೊಂಡು ಹೋಗುತ್ತೇವೆ ಎನ್ನಲೂ ಬಾರದು. ಇನ್ನು ಗೈಡನ್ನು ಚೀಲ ಹೊರುವವನೆಂದು ನೋಡುವ ಚಾಳಿ ಬಿಡಬೇಕು. ಅವನ ಕೂಲಿಯನ್ನು ತುದಿ ಮುಟ್ಟಿದರೆ ಇಷ್ಟು, ಮುಟ್ಟದಿದ್ದರೆ ಇಷ್ಟು ಎಂದು ಮಾತಾಡುವವರನ್ನು ಕಂಡಿದ್ದೇನೆ. ವಾಪಸ್ ಕರೆತರುವ ಮನುಷ್ಯನಿಗೆ ವಾಪಸ್ ಬಂದದ್ದಕ್ಕೆ ದಂಡ ಹಾಕುವುದು ಯಾವ ನ್ಯಾಯ?

ಮೆಟ್ಟಿಲು ಹತ್ತುವವರು ಹತ್ತಲಿ. ಕಾಲು ಗಟ್ಟಿಯಿದ್ದವನು ಇಳಿಜಾರಿನಲ್ಲಿ ಎಡವುವುದಿಲ್ಲ, ಬೇಗ ದಣಿಯುವುದಿಲ್ಲ, ದಣಿಯದವನಿಗೆ ಚಳಿ ಕಡಿಮೆ. ಇದೆಲ್ಲ ನಿಜ. ನಾನೂ ಹತ್ತುತ್ತೇನೆ, ಎಂಟನೆಯ ಮಹಡಿಯವರೆಗೆ.

ಮೊನ್ನೆ ಮತ್ತೆ ಚಂದ್ರಶಿಲೆಯ ಮಾತು ಬಂತು. ಹಳೆಯ ಆರು ಜನರಲ್ಲಿ ನಾಲ್ವರು, ಹೊಸಬರು ಮೂವರು, ವಾಟ್ಸಾಪಿನಲ್ಲಿ ಗುಂಪು ಎದ್ದು ನಿಂತಿತು. ಎರಡು ದಿನ ಶೂ ಬಗ್ಗೆಯೇ ಚರ್ಚೆ. ನಾನು ಒಂದು ಪ್ರಶ್ನೆ ಹಾಕಿದೆ: "ಅರ್ಧ ದಾರಿಯಲ್ಲಿ ವಾಪಸ್ ಹೋಗೋಣ ಅಂತ ಹೇಳೋ ಅಧಿಕಾರ ಯಾರಿಗೆ ಕೊಡೋಣ?" ಎಲ್ಲರೂ ನೋಡಿದರು, ನೀಲಿ ಗೆರೆಗಳು ಮೂಡಿದವು. ಸುಮಾರು ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಹೊಸಬನೊಬ್ಬ ಉಣ್ಣೆಯ ಕಾಲುಚೀಲ ಶೇಕಡ 30 ರಿಯಾಯಿತಿಯಲ್ಲಿ ಸಿಗುವ ಕೊಂಡಿ ಹಾಕಿದ. ಅದಕ್ಕೆ ಐದು ಜನ ಹೆಬ್ಬೆರಳು ಎತ್ತಿದರು. ರಾತ್ರಿ ಹನ್ನೊಂದಕ್ಕೆ ನಮ್ಮ ಓಟಗಾರ ನನಗೊಬ್ಬನಿಗೇ ಬರೆದ: "ನನಗೆ ಕೊಡಿ."

ನಾನು ಅದನ್ನು ಗುಂಪಿಗೆ ಹಾಕಿದ್ದೇನೆ. ಇನ್ನೂ ಯಾರೂ ಉತ್ತರಿಸಿಲ್ಲ.